ಎರಿ ನೆಲದ ಊರಲ್ಲಿ ಟೈಗರ್ ಮಾತ್: ಜೋಡಿ ರೆಕ್ಕೆಯ ರೇಡಿಯೋ ವಿಮಾನ ಕಟ್ಟುವುದು, ಹಾರಿಸುವುದು, ಕಾದಿಡುವುದು

ಜೋಡಿ ರೆಕ್ಕೆಯ ಮಾದರಿ ವಿಮಾನ ಬಿದ್ದರೆ ಎಲ್ಲರೂ ಮೊದಲು ಗಾಳಿಯನ್ನು ಬೈಯುತ್ತಾರೆ. ಬಿದ್ದದ್ದನ್ನು ತಂದು ಹಲಗೆಯ ಮೇಲಿಟ್ಟು ಅಳೆದರೆ ಕಾರಣ ಹೆಚ್ಚಾಗಿ ಎರಡರಲ್ಲಿ ಒಂದಾಗಿರುತ್ತದೆ. ಎಡಬದಿಯ ರೆಕ್ಕೆಗಳು ಕೂತ ಕೋನ ಬಲಬದಿಗೆ ಹೊಂದಿರುವುದಿಲ್ಲ, ಇಲ್ಲವೇ ಬಾಲ ಭಾರವಾಗಿರುತ್ತದೆ. ಈ ಎರಡನ್ನು ಕಟ್ಟುವಾಗಲೇ ಸರಿ ಮಾಡಿಕೊಂಡರೆ ಉಳಿದದ್ದು ಅಭ್ಯಾಸಕ್ಕೆ ಬಿಟ್ಟ ಮಾತು. ಅದಕ್ಕಾಗಿ ಈ ಬರಹದಲ್ಲಿ ಬಣ್ಣ, ಗುರುತು, ಪೈಲಟ್ ಬೊಂಬೆಗಳ ವಿಷಯ ಇಲ್ಲ. ಅಳತೆಯ ವಿಷಯ ತುಸು ಹೆಚ್ಚೇ ಇದೆ.

ಯಾವ ವಿಮಾನ, ಎಷ್ಟು ತೂಕ

ಮೊದಲ ಸಲ ಜೋಡಿ ರೆಕ್ಕೆ ಕಟ್ಟುವವರಿಗೆ ಟೈಗರ್ ಮಾತ್ ತಕ್ಕದ್ದು. ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 82 ಮೊದಲು ಹಾರಿದ್ದು 1931ರ ಅಕ್ಟೋಬರಿನಲ್ಲಿ. ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿ-2 ಬರುವವರೆಗೆ ನಮ್ಮ ದೇಶದಲ್ಲಿ ಪೈಲಟ್ ಆಗಲು ಹೊರಟವರ ಕೈಗೆ ಮೊದಲು ಸಿಗುತ್ತಿದ್ದದ್ದು ಇದೇ. ಮಾದರಿ ಕಟ್ಟುವವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಐಲೆರಾನ್ (ವಿಮಾನವನ್ನು ಎಡಬಲ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಮೇಲಿನ ರೆಕ್ಕೆಗೆ ಸರ್ವೋ (ಇಂಥ ಪಟ್ಟಿ ಅಲುಗಿಸುವ ಪುಟ್ಟ ಮೋಟಾರು) ಇಲ್ಲ, ವಯರ್ ಇಲ್ಲ. ಮೊದಲ ಮಹಾಯುದ್ಧದ ಸಾಪ್ವಿತ್ ಕ್ಯಾಮಲ್ ನೋಡಲು ಚೆಂದ, ಆದರೆ ಅದರ ಮೂಗು ಗಿಡ್ಡ, ಸ್ವಭಾವ ಚುರುಕು. ಅದನ್ನು ಎರಡನೆಯ ಇಲ್ಲವೇ ಮೂರನೆಯ ವಿಮಾನವಾಗಿ ಕಟ್ಟಿ.

ನಿಜವಾದ ಟೈಗರ್ ಮಾತ್‌ನ ರೆಕ್ಕೆಯ ಅಗಲ 8.94 ಮೀಟರ್, ಉದ್ದ 7.29 ಮೀಟರ್. ಏಳರಲ್ಲಿ ಒಂದು ಪಾಲು ಮಾಡಿದರೆ ಅಗಲ 1280 ಮಿ.ಮೀ., ಉದ್ದ 1040 ಮಿ.ಮೀ. ಆಗುತ್ತದೆ. ಎರಡೂ ರೆಕ್ಕೆ ಸೇರಿ ಸುಮಾರು 45 ಚದರ ಡೆಸಿಮೀಟರ್, ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗೆ ಸುಮಾರು 190 ಮಿ.ಮೀ. ಮುಂದಿನ ಲೆಕ್ಕಗಳೆಲ್ಲ ಈ ಅಳತೆಗೆ.

ಬ್ಯಾಟರಿ ಸೇರಿ ಒಟ್ಟು ತೂಕ 1.4ರಿಂದ 1.5 ಕಿಲೋ ಒಳಗಿರಲಿ. ಕಟ್ಟುವ ಮೊದಲೇ ಲೆಕ್ಕ ಬರೆದಿಟ್ಟುಕೊಳ್ಳಿ: ನಾಲ್ಕೂ ರೆಕ್ಕೆಯ ತುಂಡು 400 ಗ್ರಾಂ, ಒಡಲು 280, ಹೊದಿಕೆ 120, ಚಕ್ರ ಮತ್ತು ಕಾಲು 130, ಮೋಟಾರು 140, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) 40, ಬ್ಯಾಟರಿ 185, ಸರ್ವೋ ಮತ್ತು ರಿಸೀವರ್ 65, ಬಾಲದ ಎಲ್ಲ ಭಾಗ ಸೇರಿ 60. ಕೊನೆಯ ಸಂಖ್ಯೆಯೇ ಎಲ್ಲಕ್ಕಿಂತ ಮುಖ್ಯ. ಟೈಗರ್ ಮಾತ್‌ನಲ್ಲಿ ತೂಕದ ಕೇಂದ್ರದಿಂದ ಬಾಲಕ್ಕಿರುವ ದೂರ, ಮೂಗಿಗಿರುವ ದೂರದ ಮೂರು ಪಟ್ಟಿಗಿಂತ ಹೆಚ್ಚು. ಬಾಲದಲ್ಲಿ 20 ಗ್ರಾಂ ಹೆಚ್ಚಾದರೆ ಮೂಗಿನಲ್ಲಿ 60–70 ಗ್ರಾಂ ಸೀಸ ಇಡಬೇಕಾಗುತ್ತದೆ.

ನಮ್ಮ ಕಡೆ ತೂಕಕ್ಕೆ ಇನ್ನೊಂದು ಕಾರಣಕ್ಕೂ ಬೆಲೆ ಇದೆ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿದ್ದಾಗ ಇಲ್ಲಿಯ ಗಾಳಿ, ಪುಸ್ತಕಗಳು ಲೆಕ್ಕಕ್ಕೆ ಹಿಡಿಯುವ ಸಮುದ್ರ ಮಟ್ಟದ ಗಾಳಿಗಿಂತ ಸುಮಾರು 14 ಶೇಕಡಾ ತೆಳು. ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ, ವೇಗ ಅಷ್ಟರಿಂದಲೇ 8 ಶೇಕಡಾ ಏರುತ್ತದೆ. ಅದರ ಮೇಲೆ 1.5 ಕಿಲೋ ಇರಬೇಕಾದದ್ದು 1.8 ಆದರೆ ಇನ್ನೂ 9–10 ಶೇಕಡಾ ಸೇರುತ್ತದೆ. ತಂಪು ದೇಶದ ನಕ್ಷೆ ನೋಡಿ ಕಟ್ಟಿದ ಭಾರದ ಮಾದರಿ ಇಲ್ಲಿ ಏಪ್ರಿಲ್ ತಿಂಗಳಲ್ಲಿ ನೆಲ ಬಿಟ್ಟು ಏಳಲು ಒದ್ದಾಡುವುದು ಇದಕ್ಕೇ.

ಕಟ್ಟಿಗೆ ಮತ್ತು ಅಂಟು

ಬಾಲ್ಸಾ ಬಹಳ ಹಗುರ ಕಟ್ಟಿಗೆ, ಹೊರದೇಶದ್ದು. ಬೆಂಗಳೂರು, ಪುಣೆ, ಮುಂಬಯಿಯ ಹವ್ಯಾಸಿ ಅಂಗಡಿಗಳಿಂದ ತರಿಸಬೇಕು. ಬಂದ ಹಾಳೆಗಳನ್ನು ಮೊದಲು ತೂಗಿ, ಪ್ರತಿಯೊಂದರ ಮೇಲೂ ಪೆನ್ಸಿಲ್‌ನಿಂದ ತೂಕ ಬರೆಯಿರಿ. 1000 × 100 × 1.5 ಮಿ.ಮೀ. ಹಾಳೆ 15–18 ಗ್ರಾಂ ಇದ್ದರೆ ರಿಬ್ಬಿಗೆ (ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬಿಗೆ) ಸರಿ. 3 ಮಿ.ಮೀ. ಹಾಳೆಗಳಲ್ಲಿ 30–35 ಗ್ರಾಂ ತೂಗುವುದು ಬಾಲಕ್ಕೆ, 45 ದಾಟಿದ್ದು ಮೂಗಿನ ಕಡೆಗೆ. ಒಂದೇ ಕಟ್ಟಿನಲ್ಲಿ ಬಂದ ಹಾಳೆಗಳ ತೂಕದಲ್ಲೂ ಒಂದಕ್ಕೆ ಎರಡು ಪಟ್ಟು ವ್ಯತ್ಯಾಸ ಇರುವುದುಂಟು.

ರಿಬ್ಬುಗಳ ನಡುವೆ 60 ಮಿ.ಮೀ. ಅಂತರ ಇಟ್ಟರೆ ಸುಮಾರು 40 ರಿಬ್ ಬೇಕು. ಎರಡು ಪ್ಲೈವುಡ್ ಅಚ್ಚುಗಳ ನಡುವೆ ಬಾಲ್ಸಾ ತುಂಡುಗಳನ್ನು ಹತ್ತತ್ತಾಗಿ ಸೇರಿಸಿ, ಬೋಲ್ಟ್ ಬಿಗಿದು, ಒಟ್ಟಿಗೇ ತಿಕ್ಕಿ. ಒಂದೊಂದನ್ನೇ ಬ್ಲೇಡಿನಿಂದ ಕೊಯ್ದರೆ 40 ರಿಬ್ 40 ಆಕಾರ ಆಗುತ್ತವೆ. ರೆಕ್ಕೆಯ ಉದ್ದಕ್ಕೂ ಭಾರ ಹೊರುವ ಸ್ಪಾರ್‌ಗೆ 3 × 6 ಮಿ.ಮೀ. ನೇರ ಎಳೆಯ ಪೈನ್ ಪಟ್ಟಿ ಸಾಕು. ಗಂಟಿಲ್ಲದ ತುಂಡು ಆರಿಸಿ ಬಡಗಿಯ ಸಣ್ಣ ಗರಗಸದಲ್ಲಿ ಸೀಳಿಸಿ. ರೆಕ್ಕೆಯ ದುಂಡು ತುದಿಗೆ 1.5 × 6 ಮಿ.ಮೀ. ಬಾಲ್ಸಾ ಪಟ್ಟಿ ನಾಲ್ಕನ್ನು ನೀರಲ್ಲಿ ನೆನೆಸಿ, ಫೆವಿಕಾಲ್ ಹಚ್ಚಿ, ಆಕಾರಕ್ಕೆ ಕೊಯ್ದ ಹಲಗೆಯ ಸುತ್ತ ಬಗ್ಗಿಸಿ ಒಂದು ರಾತ್ರಿ ಬಿಡಿ. ಒಡಲಿನ ಮುಂಭಾಗ, ಹಿಂದಿನ ಆಸನದವರೆಗೆ, 3 ಮಿ.ಮೀ. ಹಗುರ ಪ್ಲೈ. ಮೋಟಾರು ಕೂರುವ ಗೋಡೆ 4 ಮಿ.ಮೀ. ಬರ್ಚ್ ಪ್ಲೈ. ಹಿಂದಿನ ಆಸನದಿಂದ ಹಿಂದಕ್ಕೆ 5 × 5 ಬಾಲ್ಸಾ ಕಡ್ಡಿಯ ಜಾಲರಿ ಸಾಕು, ಹಾಳೆ ಹೊದಿಸಬೇಡಿ.

ಅಂಟು ಹವೆಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಫೆವಿಕ್ವಿಕ್ ಜಾತಿಯ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು. ವಿಜಯಪುರದ ಒಣ ಬೇಸಿಗೆಯಲ್ಲಿ ಅದು ತಡ ಮಾಡುತ್ತದೆ, ಹಿಡಿದಿದೆ ಎಂದು ಕೈಬಿಟ್ಟರೆ ಜಾರುತ್ತದೆ. ಕೂಡಿಸುವ ಜಾಗದ ಮೇಲೆ ಒಮ್ಮೆ ಬಾಯಿಂದ ಹಬೆ ಊದಿ ಅಂಟಿಸಿ. ಬೆಳಗಾವಿಯ ಮಳೆಗಾಲದಲ್ಲಿ ಅದೇ ಅಂಟು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಿಡಿಯುತ್ತದೆ, ಶೀಶೆಯೊಳಗೂ ಬೇಗ ಗಟ್ಟಿಯಾಗುತ್ತದೆ. ಐದು ನಿಮಿಷದ ಆರಲ್ಡೈಟ್ ಬಿಸಿಲಲ್ಲಿ ಎರಡು ಮೂರು ನಿಮಿಷಕ್ಕೇ ಕೈ ಮೀರುತ್ತದೆ. ಮೋಟಾರು ಗೋಡೆ ಮತ್ತು ಚಕ್ರದ ಕಾಲು ಕೂಡಿಸಲು ತಡವಾಗಿ ಗಟ್ಟಿಯಾಗುವ ಆರಲ್ಡೈಟನ್ನೇ ಬಳಸಿ.

ಎರಡು ರೆಕ್ಕೆ ಕೂರಿಸುವುದು

ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದು. ಹಳೆಯ ಫ್ಲಶ್ ಬಾಗಿಲು ಒಂದು ಸಿಕ್ಕರೆ ಒಳ್ಳೆಯದು; ಅದು ಬಾಗದ ನೇರ ಹಲಗೆ. ಮೇಲೆ ನೋಟಿಸ್ ಬೋರ್ಡಿಗೆ ಬಳಸುವ ಸಾಫ್ಟ್‌ಬೋರ್ಡ್ ಹಾಸಿದರೆ ಗುಂಡುಪಿನ್ನು ನಿಲ್ಲುತ್ತವೆ. ಬಾಗಿಲನ್ನು ಫರಸಿಯ ಮೇಲಿಟ್ಟು ರಸಮಟ್ಟದಿಂದ ಎರಡೂ ದಿಕ್ಕಿಗೆ ಮಟ್ಟ ಮಾಡಿ.

ಒಡಲನ್ನು ಹಲಗೆಯ ಮೇಲೆ ಕೂರಿಸಿ, ಬಾಲದ ಅಡ್ಡ ರೆಕ್ಕೆ ಸರಿಯಾಗಿ ಸೊನ್ನೆ ಡಿಗ್ರಿಗೆ ಬರುವಂತೆ ಮಟ್ಟ ಮಾಡಿ ಕಟ್ಟಿಹಾಕಿ. ಇನ್ನು ಮುಂದಿನ ಎಲ್ಲ ಕೋನಕ್ಕೂ ಇದೇ ಆಧಾರ. ಕೋನವನ್ನು ಮಿಲಿಮೀಟರಿಗೆ ಇಳಿಸಿಕೊಂಡರೆ ಅಳೆಯುವುದು ಸುಲಭ: 190 ಮಿ.ಮೀ. ರೆಕ್ಕೆಯಲ್ಲಿ ಒಂದು ಡಿಗ್ರಿ ಅಂದರೆ ಹಿಂದಂಚಿಗಿಂತ ಮುಂದಂಚು 3.3 ಮಿ.ಮೀ. ಎತ್ತರ. ನಕ್ಷೆಯಲ್ಲಿ ಕೋನ ಬರೆದಿದ್ದರೆ ಅದನ್ನೇ ಅನುಸರಿಸಿ. ಬರೆದಿಲ್ಲದಿದ್ದರೆ ಕೆಳಗಿನ ರೆಕ್ಕೆಗೆ ಒಂದು ಡಿಗ್ರಿ, ಮೇಲಿನದಕ್ಕೆ ಎರಡು ಡಿಗ್ರಿ ಕೊಡಿ. ಟೈಗರ್ ಮಾತ್‌ನಲ್ಲಿ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಮುಂದಿದೆ. ಅದರ ಕೋನ ಹೆಚ್ಚಿದ್ದರೆ ಅದೇ ಮೊದಲು ಸ್ಟಾಲ್ ಆಗಿ ಮೂಗು ತಾನಾಗಿ ಇಳಿಯುತ್ತದೆ, ವೇಗ ಮರಳಿ ಬರುತ್ತದೆ. ಉಲ್ಟಾ ಆದರೆ ಹಿಂದಿರುವ ಕೆಳಗಿನ ರೆಕ್ಕೆ ಮೊದಲು ಸೋತು ಮೂಗು ಇನ್ನೂ ಏಳುತ್ತದೆ. ಅಂಥ ವಿಮಾನ ನೆಲದ ಹತ್ತಿರ ಕ್ಷಮಿಸುವುದಿಲ್ಲ.

3 ಮಿ.ಮೀ. ಪ್ಲೈನಲ್ಲಿ ಎರಡು ರೆಕ್ಕೆಗಳ ನಡುವೆ ನಿಲ್ಲುವ ಅಳತೆಯ ತುಂಡು ನಾಲ್ಕು ಮಾಡಿ: ಎಡ ಬಲ ಎರಡು ಬುಡಕ್ಕೆ, ಎರಡು ಹೊರಗಿನ ಸ್ಟ್ರಟ್ (ರೆಕ್ಕೆಗೆ ಆಸರೆಯಾಗುವ ಕಂಬ) ಬರುವ ಜಾಗಕ್ಕೆ. ಜೋಡಿ ತುಂಡುಗಳನ್ನು ಟೇಪಿನಿಂದ ಒಟ್ಟಿಗೆ ಕಟ್ಟಿ ಒಂದೇ ಸಲ ತಿಕ್ಕಿದರೆ ಎಡಬಲ ಕೂದಲೆಳೆಯೂ ವ್ಯತ್ಯಾಸ ಬರುವುದಿಲ್ಲ. ಕೆಳಗಿನ ರೆಕ್ಕೆಯನ್ನು ಒಡಲಿಗೆ ಹಾಕಿ, ಅದರ ಮೇಲೆ ಈ ತುಂಡು ನಿಲ್ಲಿಸಿ, ಮೇಲೆ ಮೇಲಿನ ರೆಕ್ಕೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಾಲದ ಕಂಬದಿಂದ ಎಡ ತುದಿಗೂ ಬಲ ತುದಿಗೂ ದಾರ ಹಿಡಿದು ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಚ್ಚಿ ಮತ್ತೆ ಮಾಡಿ.

ಎಲ್ಲ ಸರಿ ಕೂತ ಮೇಲೆಯೇ ಒಡಲಿನಿಂದ ಮೇಲಿನ ರೆಕ್ಕೆಗೆ ಹೋಗುವ ಒಳಗಿನ ಸ್ಟ್ರಟ್‌ಗಳ ಕೆಲಸ. ಇವು 3 ಮಿ.ಮೀ. ಪಿಯಾನೋ ತಂತಿಯವು. ಕೂಡುವ ಕಡೆ ತೆಳು ತಾಮ್ರದ ತಂತಿ ಸುತ್ತಿ ಬೆಸೆಯಬೇಕು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ತಾಮ್ರದ ತಂತಿ ನಡೆಯುತ್ತದೆ, ಆದರೆ ಅದರ ಮೇಲಿನ ವಾರ್ನಿಶ್ ಪೂರ್ತಿ ಕೆರೆದು ತೆಗೆಯಿರಿ. ಉಳಿದರೆ ಬೆಸುಗೆ ಹಿಡಿಯದು. 25 ವ್ಯಾಟಿನ ಕಾವಿಗೆ ಈ ತಂತಿ ಬಿಸಿಯಾಗುವುದಿಲ್ಲ, 60 ವ್ಯಾಟಾದರೂ ಬೇಕು. ಬೆಸುಗೆಯನ್ನು ವಿಮಾನದ ಮೇಲೆ ಇದ್ದಲ್ಲೇ ಮಾಡಿ, ಕಟ್ಟಿಗೆಗೆ ಒದ್ದೆ ಬಟ್ಟೆ ಸುತ್ತಿ. ಬೇರೆ ಕಡೆ ಬೆಸೆದು ತಂದು ಒತ್ತಿ ಕೂರಿಸಿದರೆ ಅಲ್ಲೇ ಒಂದು ಡಿಗ್ರಿ ತಪ್ಪುತ್ತದೆ.

ಹೊರಗಿನ ಸ್ಟ್ರಟ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ಕೊಯ್ಯಿರಿ. ಅವು ಒತ್ತದೆ, ಎಳೆಯದೆ ತಮ್ಮ ಜಾಗದಲ್ಲಿ ಕೂರಬೇಕು. ಅರ್ಧ ಮಿಲಿಮೀಟರ್ ಉದ್ದವಾದ ಸ್ಟ್ರಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಿದರೆ ರೆಕ್ಕೆಯೇ ತಿರುಚುತ್ತದೆ, ಆ ತಿರುಚು ಹೊರಗೆ ಕಾಣುವುದಿಲ್ಲ.

ತಂತಿಗಳಲ್ಲಿ ಎರಡು ಜಾತಿ. ಒಡಲಿನ ಕೆಳಗಿನಿಂದ ಮೇಲಿನ ರೆಕ್ಕೆಯ ಹೊರಭಾಗಕ್ಕೆ ಹೋಗುವವು ಹಾರಾಟದಲ್ಲಿ ಭಾರ ಹೊರುತ್ತವೆ. ಮೇಲಿನ ಬುಡದಿಂದ ಕೆಳಗಿನ ರೆಕ್ಕೆಯ ಹೊರಭಾಗಕ್ಕೆ ಬರುವವು ನೆಲಕ್ಕೆ ಇಳಿದಾಗ ಹೊರುತ್ತವೆ. ಈ ಗಾತ್ರದಲ್ಲಿ ಸ್ಪಾರ್ ಗಟ್ಟಿ ಇದ್ದರೆ ತಂತಿಯ ಬದಲು 1 ಮಿ.ಮೀ. ಎಲಾಸ್ಟಿಕ್ ದಾರ ಹಾಕಿದರೂ ನಡೆಯುತ್ತದೆ, ನೋಡಲು ತಂತಿಯಂತೆಯೇ ಕಾಣುತ್ತದೆ. ನಿಜ ತಂತಿ ಹಾಕುವವರು ಎಡಬಲ ಸಮನಾಗಿ ಮಾತ್ರ ಬಿಗಿಯಬೇಕು. ತಂಬೂರಿಯಂತೆ ಮೀಟಿದರೆ ದನಿ ಬರುವಷ್ಟು ಬಿಗಿದದ್ದು ಅತಿಯಾಯಿತು.

ಬಯಲಿಗೆ ಹೋದಾಗ 20 ನಿಮಿಷ ತಂತಿ ಕಟ್ಟುತ್ತ ಕೂರಬೇಕಾದರೆ ನಾಲ್ಕನೇ ವಾರಕ್ಕೆ ವಿಮಾನ ಅಟ್ಟ ಸೇರುತ್ತದೆ. ಅದಕ್ಕೆ ಎಡಬದಿಯ ಮೇಲಿನ ಕೆಳಗಿನ ರೆಕ್ಕೆ, ಸ್ಟ್ರಟ್, ತಂತಿ ಎಲ್ಲ ಸೇರಿ ಒಂದೇ ಗೂಡು ಮಾಡಿ, ಬಲಕ್ಕೆ ಇನ್ನೊಂದು. ಮೇಲೆ 8 ಮಿ.ಮೀ., ಕೆಳಗೆ 6 ಮಿ.ಮೀ. ಕಾರ್ಬನ್ ಕೊಳವೆಗೆ ತೂರಿಸಿ ಒಂದೊಂದು ನೈಲಾನ್ ಬೋಲ್ಟ್ ಹಾಕಿದರೆ ಐದು ನಿಮಿಷದಲ್ಲಿ ವಿಮಾನ ಸಿದ್ಧ. ಮೇಲಿನ ತಂತಿಗಳ ಒಳತುದಿ ಗೂಡಿನ ಬುಡದ ರಿಬ್ಬಿಗೇ ಸಿಗುವಂತೆ ನೋಡಿಕೊಳ್ಳಿ. ಗೂಡು ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಮನೆಯಲ್ಲಿಟ್ಟಾಗ ರೆಕ್ಕೆ ತಿರುಚುವುದೂ ಕಡಿಮೆ.

ಹೊದಿಕೆ

ಇಸ್ತ್ರಿಯಿಂದ ಅಂಟಿಸುವ ಫಿಲ್ಮ್ ಸುಲಭ. ಅಂಚು ಅಂಟಿಸಲು ಸುಮಾರು 100–110 ಡಿಗ್ರಿ, ಬಿಗಿಗೊಳಿಸಲು 140–150. ಸುರುಳಿಯ ಜೊತೆ ಬಂದ ಚೀಟಿ ಬೇರೆ ಹೇಳಿದರೆ ಅದೇ ಸರಿ. ರೆಕ್ಕೆಯ ಮೇಲೊಂದು ಕೆಳಗೊಂದು ಬದಿ ಸರದಿಯಂತೆ ಬಿಗಿಗೊಳಿಸಿ. ಒಂದೇ ಬದಿ ಮುಗಿಸಿದರೆ ರೆಕ್ಕೆ ಬಾಳೆಲೆಯಂತೆ ಬಾಗುತ್ತದೆ. ಕಪ್ಪು, ಕಡು ನೀಲಿ ಬಣ್ಣ ನಮ್ಮ ಬಿಸಿಲಿಗೆ ಕೂಡದು: ಹೊಲದಲ್ಲಿ ಅರ್ಧ ಗಂಟೆ ನಿಂತರೆ ಫಿಲ್ಮ್ ಜೋಲು ಬೀಳುತ್ತದೆ. ತರಬೇತಿ ವಿಮಾನದ ಹಳದಿ ಬಣ್ಣ ಕಾಣಲೂ ಚೆನ್ನು, ಕಾಯುವುದೂ ಕಡಿಮೆ.

ಹಳೆಯ ಕಾಲದ ನೋಟ ಬೇಕಾದವರು ತೆಳು ರೇಷ್ಮೆ ಹೊದಿಸಿ ಡೋಪ್ (ಬಟ್ಟೆಯನ್ನು ಬಿಗಿಸುವ ಲ್ಯಾಕರ್) ಹಚ್ಚಬಹುದು. ಗುಳೇದಗುಡ್ಡದ ಖಣದಂಥ ದಪ್ಪ ನೇಯ್ಗೆ ಬೇಡ, ಅದರ ತೂಕವೇ ವಿಮಾನವನ್ನು ಕೂರಿಸುತ್ತದೆ. ಕೈ ಇಟ್ಟರೆ ಚರ್ಮ ಕಾಣುವಷ್ಟು ತೆಳು ಇರಲಿ. ಬಣ್ಣದ ಅಂಗಡಿಯ ಎನ್‌ಸಿ ಕ್ಲಿಯರ್ ಲ್ಯಾಕರನ್ನು ಥಿನ್ನರ್ ಜೊತೆ ಸಮಪ್ರಮಾಣದಲ್ಲಿ ಬೆರೆಸಿ. ಹೊದಿಸುವ ಮೊದಲು ಕಟ್ಟಿಗೆಗೆ ಎರಡು ಕೈ, ಒದ್ದೆ ರೇಷ್ಮೆ ಎಳೆದು ಹೊದಿಸಿ ಒಣಗಿದ ಮೇಲೆ ಮೂರು ನಾಲ್ಕು ಕೈ. 100 ಮಿ.ಲೀ. ಲ್ಯಾಕರಿಗೆ 3 ಮಿ.ಲೀ. ಔಡಲ ಎಣ್ಣೆ ಸೇರಿಸಿದರೆ ಡೋಪ್ ವರ್ಷಗಟ್ಟಲೆ ಬಿಗಿಯುತ್ತ ಹೋಗಿ ರೆಕ್ಕೆ ತಿರುಚುವುದು ಕಡಿಮೆಯಾಗುತ್ತದೆ, ಬಟ್ಟೆ ಪುಡಿಯಾಗುವುದಿಲ್ಲ. ಬೇಸಿಗೆಯಲ್ಲಿ ನಸುಕಿನಲ್ಲೇ ಹಚ್ಚಿ, ಮಧ್ಯಾಹ್ನ ಬ್ರಶ್ಶಿನಲ್ಲೇ ಒಣಗುತ್ತದೆ. ಮಳೆಗಾಲದ ತೇವದಲ್ಲಿ ಹಚ್ಚಿದರೆ ಬೆಳ್ಳಗೆ ಮಬ್ಬು ಹಿಡಿಯುತ್ತದೆ. ಲ್ಯಾಕರ್ ಹಬೆ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುವಂಥದ್ದು. ಒಲೆ, ದೇವರ ದೀಪ ಇರುವ ಕೋಣೆಯಲ್ಲಿ ಈ ಕೆಲಸ ಬೇಡ.

ಬೆಳಗಾವಿಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಕಟ್ಟಿ, ಆದರೆ ಹೊದಿಕೆಯನ್ನು ದೀಪಾವಳಿ ಮುಗಿದ ಮೇಲೆ ಹಾಕಿ. ತೇವ ಕುಡಿದು ಉಬ್ಬಿದ ಕಟ್ಟಿಗೆಗೆ ಹೊದಿಸಿದರೆ ಚಳಿಗಾಲದಲ್ಲಿ ಕಟ್ಟಿಗೆ ಕುಗ್ಗಿ ಹೊದಿಕೆ ಸುಕ್ಕಾಗುತ್ತದೆ. ಮತ್ತೆ ಬಿಗಿಗೊಳಿಸಲು ಹೋದಾಗ ಕೋನ ಕೆಡುತ್ತದೆ.

ಮೋಟಾರು, ಚಕ್ರ, ತೂಕದ ಕೇಂದ್ರ

ಮೋಟಾರು 3536 ಇಲ್ಲವೇ 3542 ಗಾತ್ರದ್ದು, 900–1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು). 40 ಆಂಪಿಯರ್ ಇಎಸ್‌ಸಿ. ಮೂರು ಸೆಲ್ಲಿನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. 11 × 5.5 ಇಂಚಿನ ಪ್ರೊಪೆಲ್ಲರ್. ಪೂರ್ತಿ ಥ್ರಾಟಲ್‌ನಲ್ಲಿ ವ್ಯಾಟ್‌ಮೀಟರ್ 22–28 ಆಂಪಿಯರ್ ತೋರಿಸಬೇಕು, 30 ದಾಟಿದರೆ ಪ್ರೊಪೆಲ್ಲರ್ ಚಿಕ್ಕದು ಮಾಡಿ. ಮೋಟಾರಿನ ಮುಖ ಎರಡು ಡಿಗ್ರಿ ಕೆಳಕ್ಕೆ, ಎರಡು ಡಿಗ್ರಿ ಬಲಕ್ಕೆ ಇರಲಿ. ಬ್ಯಾಟರಿ ಮತ್ತು ಇಎಸ್‌ಸಿ ನಡುವಿನ ಒಂದು ವಯರ್ ಕಡಿದು ಒಡಲಿನ ಹೊರಗೆ ಚುಚ್ಚುವ ಪ್ಲಗ್ ಮಾಡಿಕೊಂಡರೆ, ವಿಮಾನ ಹಾರಿಸುವ ಜಾಗಕ್ಕೆ ತಲುಪುವವರೆಗೆ ಮೋಟಾರಿಗೆ ವಿದ್ಯುತ್ ಹೋಗುವುದಿಲ್ಲ. ಹೊಲದಲ್ಲಿ ಮಕ್ಕಳು ಸುತ್ತ ನೆರೆಯುವುದು ಖಂಡಿತ, ಆದ್ದರಿಂದ ಇದನ್ನು ಬಿಡಬೇಡಿ.

9 ಗ್ರಾಂ ಲೋಹದ ಹಲ್ಲಿನ ಸರ್ವೋ ನಾಲ್ಕು. ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ), ರಡ್ಡರ್ (ಮೂಗು ಎಡಬಲ ತಿರುಗಿಸುವ ಪಟ್ಟಿ) ಸರ್ವೋಗಳನ್ನು ಬಾಲದಲ್ಲಿ ಇಡಬೇಡಿ, ಮುಂದಿನ ಆಸನದ ಕೆಳಗಿಡಿ. ಐಲೆರಾನ್ ಮೇಲಕ್ಕೆ 14 ಮಿ.ಮೀ., ಕೆಳಕ್ಕೆ 6 ಮಾತ್ರ, ಎಲಿವೇಟರ್ ಎರಡೂ ಕಡೆ 14, ರಡ್ಡರ್ 30. ಐಲೆರಾನ್ ಎರಡೂ ಕಡೆ ಸಮ ಬಿಟ್ಟರೆ ಕೆಳಕ್ಕೆ ಇಳಿದ ಐಲೆರಾನ್ ಬ್ರೇಕಿನಂತೆ ಎಳೆದು, ಬಲಕ್ಕೆ ವಾಲಿದ ವಿಮಾನದ ಮೂಗು ಎಡಕ್ಕೆ ಹೊರಳುತ್ತದೆ.

ಚಕ್ರ 80 ಮಿ.ಮೀ.ಗಿಂತ ಚಿಕ್ಕದು ನಮ್ಮ ನೆಲದಲ್ಲಿ ನಡೆಯದು. ಬಾಲ ಎತ್ತಿ ವಿಮಾನವನ್ನು ಮಟ್ಟ ಹಿಡಿದಾಗ ಚಕ್ರ ನೆಲ ಮುಟ್ಟುವ ಬಿಂದು ತೂಕದ ಕೇಂದ್ರಕ್ಕಿಂತ ಮುಂದಿರಬೇಕು: ಕೇಂದ್ರ ನೆಲದಿಂದ 200 ಮಿ.ಮೀ. ಎತ್ತರವಿದ್ದರೆ 55–70 ಮಿ.ಮೀ. ಮುಂದೆ. ಅದಕ್ಕಿಂತ ಹಿಂದಾದರೆ ಪ್ರತಿ ಇಳಿತಕ್ಕೂ ಮೂಗು ನೆಲಕ್ಕೆ ಕುಟ್ಟುತ್ತದೆ, ಬಹಳ ಮುಂದಾದರೆ ಓಡುವಾಗ ಬಾಲ ತಿರುಗಿ ಗಿರಕಿ ಹೊಡೆಯುತ್ತದೆ.

ತೂಕದ ಕೇಂದ್ರ ಗುರುತಿಸುವಾಗ ಹೆಚ್ಚಿನವರು ತಪ್ಪುವುದು ರೆಕ್ಕೆಯ ಬುಡದಿಂದ ಅಳೆಯುವುದರಲ್ಲಿ. ಮುಂದಿನ ಆಸನದವನು ಪ್ಯಾರಾಚೂಟ್ ಸಮೇತ ಹೊರಬರಲು ದಾರಿಯಾಗಲಿ ಎಂದು ಟೈಗರ್ ಮಾತ್‌ನ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿ, ತೂಕ ಸರಿತೂಗಿಸಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದ್ದಾರೆ. ಹಾಗಾಗಿ ಬುಡದ ಮುಂದಂಚು ಲೆಕ್ಕಕ್ಕೆ ಬರುವುದಿಲ್ಲ. ಅರ್ಧ ರೆಕ್ಕೆಯ ನಡುಮಧ್ಯದ ಮುಂದಂಚು ಹಿಡಿಯಬೇಕು. ಅಲ್ಲಿ ಮೇಲಿನ ರೆಕ್ಕೆಯ ಮುಂದಂಚಿಗಿಂತ ಕೆಳಗಿನದು 80 ಮಿ.ಮೀ. ಹಿಂದಿದೆ ಎಂದುಕೊಳ್ಳಿ. ಎರಡರ ಸರಾಸರಿ 40. ಅದಕ್ಕೆ 190ರ 27 ಶೇಕಡಾ, ಅಂದರೆ 51 ಕೂಡಿಸಿದರೆ ಮೇಲಿನ ರೆಕ್ಕೆಯ ಆ ಮುಂದಂಚಿನಿಂದ ಹಿಂದಕ್ಕೆ 91 ಮಿ.ಮೀ. ಮೊದಲ ಹಾರಾಟಕ್ಕೆ ಇನ್ನೂ 5 ಮಿ.ಮೀ. ಮುಂದಕ್ಕೆ, 86ರಲ್ಲಿ ಇಡಿ. ಬ್ಯಾಟರಿಯನ್ನು ಮೋಟಾರು ಗೋಡೆಗೆ ತಾಗುವಷ್ಟು ಮುಂದೆ ತಳ್ಳಿಯೂ ಬಾಲ ಇಳಿದರೆ ಮೂಗಿಗೆ ಸೀಸ ಸೇರಿಸಿ. ಬೇಸರವಾದರೂ ಸೇರಿಸಿ: ಮೂಗು ಭಾರದ ವಿಮಾನ ಸರಿಯಾಗಿ ಹಾರದೆ ಇರಬಹುದು, ಬಾಲ ಭಾರದ್ದು ಒಂದೇ ಸಲ ಹಾರುತ್ತದೆ.

ಬಯಲು ಮತ್ತು ಗಾಳಿ

ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗ್ಗೆ 7ರಿಂದ 9.30 ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗೆ ಒಳ್ಳೆಯ ಹೊತ್ತು. ಆದರೆ ಆ ತಿಂಗಳುಗಳಲ್ಲಿ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊಲದಲ್ಲಿ ವಿಮಾನಕ್ಕೆ ಜಾಗ ಎಲ್ಲಿ? ಮಡ್ಡಿ ಜಮೀನು, ಗಾಯರಾಣ (ದನ ಮೇಯುವ ಊರ ಜಾಗ) ಹುಡುಕಿ. ನೆಲ ಗಟ್ಟಿ, ಕಲ್ಲು ಆರಿಸಿದರೆ 60 × 8 ಮೀಟರ್ ಪಟ್ಟಿ ಒಂದು ಮುಂಜಾನೆಯ ಕೆಲಸ. ಜೋಳ ಕಿತ್ತ ಮೇಲೆ ಎರಿ ಹೊಲ ಸಿಗುತ್ತದೆ, ಆದರೆ ಆ ಹೊತ್ತಿಗೆ ಚಕ್ರ ನುಂಗುವಷ್ಟು ಬಿರುಕು ಬಿಟ್ಟಿರುತ್ತದೆ. ಹೊಲದವರ ಒಪ್ಪಿಗೆ ಕೇಳಿ, ಕುಂಟೆ ಹೊಡೆಸಿ, ಮೇಲೆ ಭಾರದ ಹಲಗೆ ಎಳೆಸಿದರೆ ಒಂದು ಪಟ್ಟಿ ಆಗುತ್ತದೆ. ಆಲಮಟ್ಟಿ ಹಿನ್ನೀರು ಇಳಿದಲ್ಲಿ ಕಾಣುವ ಚಪ್ಪಟೆ ನೆಲಕ್ಕೆ ಮರುಳಾಗಬೇಡಿ, ಮೇಲೆ ಒಣಗಿದ್ದರೂ ಒಳಗೆ ಕೆಸರಿರಬಹುದು. ಮುಧೋಳ, ಜಮಖಂಡಿ ಕಡೆಯ ಕಬ್ಬಿನೊಳಗೆ ಬಿದ್ದ ವಿಮಾನ ಹತ್ತು ಅಡಿ ದೂರದಿಂದಲೂ ಕಾಣುವುದಿಲ್ಲ. ರಿಸೀವರಿಗೆ ಕೂಗುವ ಬಜರ್ ಒಂದು ಹಾಕಿ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ತಂತಿಗಳಿಂದ ದೂರವಿರಿ.

ಜಾಗ ಗೊತ್ತುಮಾಡುವ ಮೊದಲು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಿ. ಹಸಿರು ವಲಯ ಇದ್ದಲ್ಲಿ ಮಾತ್ರ ಹಾರಿಸಿ, ಅಲ್ಲಿಯೂ 120 ಮೀಟರಿಗಿಂತ ಮೇಲೆ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಆದರೆ ಮಿತಿ 60 ಮೀಟರ್. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣ, ವಾಯುಪಡೆಯ ತರಬೇತಿ ಶಾಲೆ, ಸೇನೆಯ ಜಾಗಗಳು ಇರುವುದರಿಂದ ಊರಿನಿಂದ ಬಹಳ ದೂರ ಹೋಗಬೇಕಾಗುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಮೋಜಿಗಾಗಿ ಕಣ್ಣಳತೆಯಲ್ಲಿ ಹಾರಿಸುವ 25 ಕಿಲೋ ಒಳಗಿನ ಮಾದರಿಗೆ ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸಕ್ಕೆ ಕೊಡುವ ಪ್ರಮಾಣಪತ್ರ) ಬೇಡ. ನಿಯಮ ತಿದ್ದುಪಡಿ ಆಗುತ್ತಿರುತ್ತವೆ, ಪ್ರತಿ ಹಂಗಾಮಿಗೆ ಒಮ್ಮೆ ಓದಿ.

ಈ ತೂಕದ ಮಾದರಿ ಸ್ಟಾಲ್ ಆಗುವ ವೇಗ ಗಂಟೆಗೆ ಸುಮಾರು 28 ಕಿ.ಮೀ. ಅದರ ಅರ್ಧದಷ್ಟು ಗಾಳಿ ಇದ್ದರೇ ಹೊಸಬರಿಗೆ ಕಷ್ಟ. ಬೇವಿನ ಎಲೆ ಮಾತ್ರ ಅಲುಗುತ್ತಿದ್ದರೆ ಹಾರಿಸಿ. ಸಣ್ಣ ಟೊಂಗೆ ತೂಗಿ ಧೂಳು ಏಳುತ್ತಿದ್ದರೆ ಗಾಳಿ 20 ಕಿ.ಮೀ. ದಾಟಿದೆ, ಗಂಟು ಕಟ್ಟಿ. ಆಷಾಢದ ಗಾಳಿಯಲ್ಲಿ ಈ ವಿಮಾನದ ಹೆಸರೂ ಎತ್ತಬೇಡಿ. ಏಪ್ರಿಲ್, ಮೇ ತಿಂಗಳ 11 ಗಂಟೆ ನಂತರ ಎರಿ ಹೊಲದಲ್ಲಿ ಸುಂಟರಗಾಳಿ ಏಳುತ್ತದೆ. ಬಯಲಲ್ಲಿ ಬಿಟ್ಟ ಜೋಡಿ ರೆಕ್ಕೆಯನ್ನು ಅದು ನಿಂತಲ್ಲಿಂದಲೇ ಎತ್ತಿ ಮಗುಚುತ್ತದೆ. ನೆಲದ ಮೇಲಿದ್ದಾಗ ಬಾಲಕ್ಕೆ ಗೂಟ ಬಿಗಿಯಿರಿ.

ಹಾರಾಟ

ರೇಡಿಯೋವನ್ನು ಕಡಿಮೆ ಶಕ್ತಿಯ ಪರೀಕ್ಷೆಗಿಟ್ಟು 30 ಹೆಜ್ಜೆ ದೂರ ಹೋಗಿ ನೋಡಿ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರು ನಿಲ್ಲಬೇಕು. ಕಡ್ಡಿ ಬಲಕ್ಕೆ ತಳ್ಳಿದರೆ ಬಲ ಐಲೆರಾನ್ ಮೇಲೇಳಬೇಕು. ಇದನ್ನು ಪ್ರತಿ ಸಲವೂ ವಿಮಾನದ ಹಿಂದೆ ನಿಂತು ಗಟ್ಟಿಯಾಗಿ ಹೇಳಿಕೊಂಡು ನೋಡಿ. ನೋಡಲು ಬಂದವರು 30 ಮೀಟರ್ ಹಿಂದೆ, ನಿಮ್ಮ ಬೆನ್ನ ಕಡೆ.

ಗಾಳಿಗೆ ಎದುರಾಗಿ ನಿಲ್ಲಿಸಿ, ಎಲಿವೇಟರ್ ತುಸು ಮೇಲೆ ಹಿಡಿದು, ಥ್ರಾಟಲನ್ನು ಮೂರು ಎಣಿಸುವಷ್ಟು ಹೊತ್ತಿನಲ್ಲಿ ಏರಿಸಿ. ಒಮ್ಮೆಲೇ ತಳ್ಳಿದರೆ ಮೂಗು ಎಡಕ್ಕೆ ಹೊರಳುತ್ತದೆ. ವಿಮಾನ ಓಡುತ್ತಿದ್ದಂತೆ ಎಲಿವೇಟರ್ ಬಿಡುತ್ತ ಬನ್ನಿ, ಬಾಲ ಏಳಲಿ, ರಡ್ಡರಿನಿಂದ ನೇರ ಹಿಡಿಯಿರಿ, ತಾನಾಗಿ ನೆಲ ಬಿಡಲಿ. ಮೇಲೆದ್ದ ಕೂಡಲೇ ತಿರುಗಿಸುವ ಆಸೆ ಬೇಡ. 15 ಮೀಟರ್ ಏರಿದ ಮೇಲೆ ಮೊದಲ ತಿರುವು. ತಿರುವಿನಲ್ಲಿ ರಡ್ಡರ್ ಮೊದಲು, ಐಲೆರಾನ್ ಜೊತೆಗೆ. ಕೈ ಹೊಂದುವವರೆಗೆ ಟ್ರಾನ್ಸ್‌ಮಿಟರಿನಲ್ಲಿ ಐಲೆರಾನ್ ಜೊತೆ ರಡ್ಡರ್ 20 ಶೇಕಡಾ ಬೆರೆಸಿಕೊಳ್ಳಿ. 50 ಮೀಟರ್ ಎತ್ತರದಲ್ಲಿ ಟ್ರಿಮ್ (ಕಡ್ಡಿ ಬಿಟ್ಟರೂ ನೇರ ಹಾರುವಂತೆ ಹೊಂದಿಸುವುದು) ಮುಗಿಸಿ, ಥ್ರಾಟಲ್ ಇಳಿಸಿ ಮೂಗು ನಿಧಾನ ಎತ್ತುತ್ತ ಸ್ಟಾಲ್ ಮಾಡಿ ನೋಡಿ. ಮೂಗು ನೇರ ಇಳಿದರೆ ನೀವು ಕಟ್ಟಿದ್ದು ಸರಿ. ಪ್ರತಿ ಸಲ ಒಂದೇ ರೆಕ್ಕೆ ಬೀಳುತ್ತಿದ್ದರೆ ಆ ಬದಿಯಲ್ಲಿ ತಿರುಚು ಇದೆ. ಅವತ್ತು ಎಚ್ಚರದಿಂದ ಇಳಿಸಿ ಹಲಗೆಯ ಮೇಲೆ ಅಳೆಯಿರಿ.

ಇಳಿಸುವಾಗ ನೆನಪಿಡಬೇಕಾದದ್ದು: ಎರಡು ರೆಕ್ಕೆ, ಸ್ಟ್ರಟ್, ತಂತಿ ಎಲ್ಲ ಸೇರಿ ಗಾಳಿಯನ್ನು ತಡೆಯುತ್ತವೆ. ಥ್ರಾಟಲ್ ಪೂರ್ತಿ ಮುಚ್ಚಿದರೆ ವಿಮಾನ ತೇಲಿ ಬರುವುದಿಲ್ಲ, ಕಲ್ಲಿನಂತೆ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಥ್ರಾಟಲ್ ಹಿಡಿದು, ಮೂಗು ತುಸು ಕೆಳಗಿಟ್ಟು ಬನ್ನಿ. ನೆಲಕ್ಕೆ ಒಂದು ಅಡಿ ಇದ್ದಾಗ ಮೂಗು ಎತ್ತಿ, ಚಕ್ರ ತಾಗಿದ ಮೇಲೆ ಥ್ರಾಟಲ್ ಮುಚ್ಚಿ, ವಿಮಾನ ನಿಲ್ಲುವವರೆಗೆ ಎಲಿವೇಟರ್ ಮೇಲೆಯೇ ಹಿಡಿದಿರಿ. ಮೋಟಾರು ಮೇಲೆಯೇ ನಿಂತರೆ ಆ ಕ್ಷಣ ಮೂಗು ಇಳಿಸಿ, ಎದುರಿಗೆ ಕಂಡಲ್ಲಿ ಇಳಿಸಿ. ಪಟ್ಟಿಗೆ ಮರಳಲು ತಿರುಗಿಸಿದವರ ವಿಮಾನ ಆ ತಿರುವಿನಲ್ಲೇ ಮುಗಿಯುತ್ತದೆ. ಬ್ಯಾಟರಿಗೆ ಆರು ನಿಮಿಷದ ಟೈಮರ್ ಸಾಕು.

ಕಾದಿಡುವುದು

ಬಯಲಿನಿಂದ ಬಂದ ದಿನವೇ ಮೃದು ಬ್ರಶ್ಶಿನಿಂದ ಧೂಳು ಒರೆಸಿ. ಎರಿ ಮಣ್ಣಿನ ಹುಡಿ ಹಿಟ್ಟಿನಷ್ಟು ಸಣ್ಣದು, ಸರ್ವೋದ ಹಲ್ಲಿಗೂ ಮೋಟಾರಿನ ಬೇರಿಂಗಿಗೂ ನುಗ್ಗುತ್ತದೆ. ಎಣ್ಣೆ ಹಚ್ಚಿದರೆ ಹುಡಿ ಅಲ್ಲೇ ಅಂಟಿ ಕಿಟ್ಟವಾಗುತ್ತದೆ, ಊದಿ ತೆಗೆಯುವುದೇ ಸರಿ.

ಟಂಟಂನಲ್ಲಿ ಒಯ್ಯುವುದಾದರೆ ಒಡಲನ್ನು ಮಡಿಲಲ್ಲಿಟ್ಟುಕೊಳ್ಳಿ, ರೆಕ್ಕೆಯ ಗೂಡುಗಳನ್ನು ಹಳೆಯ ಕೌದಿಯಲ್ಲಿ ಸುತ್ತಿ ಮುಂದಂಚು ಕೆಳಗಾಗಿ ನಿಲ್ಲಿಸಿ. ಹಿಂದಂಚಿನ ಮೇಲೆ ನಿಲ್ಲಿಸಿದರೆ ದಾರಿಯ ಗುಂಡಿಗಳು ಅದನ್ನು ಅಲೆಯಲೆಯಾಗಿ ಮಾಡುತ್ತವೆ.

ಮನೆಯಲ್ಲಿ ತಗಡಿನ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ: ಮಧ್ಯಾಹ್ನ ಅಲ್ಲಿ ಫಿಲ್ಮ್ ಜೋಲುತ್ತದೆ, ಹಿಗ್ಗಿ ಕುಗ್ಗಿ ಅಂಟು ಬಿಡುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆ ಇದ್ದವರು ಪುಣ್ಯವಂತರು, ವರ್ಷವಿಡೀ ಒಂದೇ ತಂಪು. ಮೇಲಿನಿಂದ ಉದುರುವ ಮಣ್ಣಿಗೆ ಹಳೆಯ ಧೋತರ ಹೊದಿಸಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಬೆವರುತ್ತದೆ. ಗೂಡುಗಳನ್ನು ಎರಡು ಅಗಲ ಪಟ್ಟಿಗಳಿಂದ ತೊಲೆಗೆ ತೂಗುಹಾಕಿ, ಪಟ್ಟಿ ರಿಬ್ಬಿನ ಕೆಳಗೇ ಬರಲಿ. ಗೋಡೆಗೆ ಒರಗಿಸಿದರೆ ಗೆದ್ದಲು, ಇಲಿ. ನುಸಿಗುಳಿಗೆಯನ್ನು ಥರ್ಮಾಕೋಲ್ ಭಾಗಗಳ ಹತ್ತಿರ ಇಡಬೇಡಿ, ಅದರ ಹಬೆಗೆ ಥರ್ಮಾಕೋಲ್ ಕರಗುತ್ತದೆ. ಎಲಾಸ್ಟಿಕ್ ದಾರಗಳನ್ನು ಒಂದು ಬದಿ ಬಿಚ್ಚಿ ಸಡಿಲಿಸಿ.

ಲಿಪೋ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟ್‌ಗೆ ತಂದು ಇಡಿ. ಪೂರ್ತಿ ತುಂಬಿ ವಾರಗಟ್ಟಲೆ ಇಟ್ಟದ್ದು ಉಬ್ಬುತ್ತದೆ. ದಪ್ಪ ಮಣ್ಣಿನ ಗಡಿಗೆಯ ತಳದಲ್ಲಿ ಒಣ ಉಸುಕು ಹಾಕಿ, ಅದರಲ್ಲಿಟ್ಟು, ಬಾಯಿಗೆ ಸಡಿಲ ಮುಚ್ಚಳವಿಟ್ಟು, ಬಟ್ಟೆ ಕಟ್ಟಿಗೆಗಳಿಂದ ದೂರ ತಂಪು ಮೂಲೆಯಲ್ಲಿಡಿ. ಚಾರ್ಜ್ 2.2 ಆಂಪಿಯರಿಗೆ, ಎದುರಿಗೆ ಕೂತು. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಒಂದು ಗಳಿಗೆಯೂ ಬಿಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ವಿಮಾನಕ್ಕೆ ಹಾಕಬೇಡಿ.

ಕಟ್ಟುವಾಗ ಮಾಡಿದ ನಾಲ್ಕು ಪ್ಲೈ ತುಂಡುಗಳನ್ನು ಎಸೆಯದೆ, ವಿಮಾನದ ಹೆಸರು ಬರೆದು ಗೂಡಿನ ಜೊತೆಗೇ ಕಟ್ಟಿಡಿ. ಮಳೆಗಾಲ ಕಳೆದ ಮೇಲೆ ಮೊದಲ ಹಾರಾಟಕ್ಕೆ ಮುಂಚೆ ಅವನ್ನು ರೆಕ್ಕೆಗಳ ನಡುವೆ ನಿಲ್ಲಿಸಿ ನೋಡಿ. ಎಲ್ಲಾದರೂ 1.5 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಆ ಬದಿಯ ಹೊರ ಸ್ಟ್ರಟ್ ಮತ್ತು ತಂತಿ ಬಿಚ್ಚಿ, ರೆಕ್ಕೆಯನ್ನು ತಿರುಚಿದ ದಿಕ್ಕಿಗೆ ವಿರುದ್ಧವಾಗಿ, ಬೇಕಾದ್ದಕ್ಕಿಂತ ತುಸು ಹೆಚ್ಚೇ ತಿರುವಿ ಹಿಡಿಯಿರಿ. ಇನ್ನೊಬ್ಬರು ಎರಡೂ ಬದಿಯ ಫಿಲ್ಮಿಗೆ ಹೀಟ್‌ಗನ್ ಹಿಡಿಯಲಿ, ತಣ್ಣಗಾಗುವವರೆಗೆ ಕೈ ಬಿಡಬೇಡಿ. ರೇಷ್ಮೆ ಡೋಪ್ ಇದ್ದರೆ ಹೀಟ್‌ಗನ್ ಬೇಡ, ಬೆಂಕಿ ಹತ್ತೀತು. ಪಾತ್ರೆಯ ಹಬೆಗೆ ಹಿಡಿದು ತಿರುವಿ, ಹಲಗೆಗೆ ಪಿನ್ನು ಹೊಡೆದು ಒಂದು ರಾತ್ರಿ ಬಿಡಿ. ಮರುದಿನ ಸ್ಟ್ರಟ್ ತಾನಾಗಿ ಜಾಗಕ್ಕೆ ಕೂತರೆ ಬ್ಯಾಟರಿ ಚಾರ್ಜಿಗೆ ಹಾಕಿ.